ನಿದ್ದೆ ಕೆಡಿಸುವ ಹರಳು: ಹೊಸಬರು ಮೆಥ್ ಬಗ್ಗೆ ತಿಳಿದಿರಬೇಕಾದದ್ದು

ಓದಲು ಅಥವಾ ದುಡಿಯಲು ಹೊರದೇಶಕ್ಕೆ ಹೊಸದಾಗಿ ಬಂದವರ ಕೈಗೆ ಮೆಥಾಂಫೆಟಮೈನ್ ಎಂಬ ಉತ್ತೇಜಕ ಮಾದಕವಸ್ತು ಮೋಜಿನ ಕೂಟದಲ್ಲೇ ಸಿಗಬೇಕೆಂದಿಲ್ಲ. ರಾತ್ರಿ ಪಾಳಿಯಲ್ಲಿ ತೂಕಡಿಸದಂತೆ, ಪರೀಕ್ಷೆಯ ಮುನ್ನಾದಿನ ಎಚ್ಚರವಿರುವಂತೆ ಮಾಡುವ ಮಾತ್ರೆಯೆಂದು ಜೊತೆಯವರೇ ಅದನ್ನು ನೀಡಬಹುದು. ಐಸ್, ಕ್ರಿಸ್ಟಲ್, ಮೆಥ್ ಎಂಬ ಹೆಸರುಗಳೆಲ್ಲ ಇದರವೇ. ಆಗ್ನೇಯ ಏಷ್ಯಾದಲ್ಲಿ ಯಾಬಾ ಎಂದು ಮಾರಾಟವಾಗುವ ಮಾತ್ರೆಯಲ್ಲಿ ಇದರೊಂದಿಗೆ ಕೆಫೀನ್ ಬೆರೆತಿರುತ್ತದೆ.

ನಿದ್ದೆ ತಡೆಯುವ ಆಮಿಷ ಹಳೆಯದೇ. 1893ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ನಾಗಾಯಿ ನಾಗಾಯೋಶಿ ಸಸ್ಯಮೂಲದ ಔಷಧವಾದ ಎಫೆಡ್ರಿನ್‌ನಿಂದ ತಯಾರಿಸಿದ ಈ ವಸ್ತುವನ್ನು ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೈನಿಕರಿಗೆ ಪೆರ್ವಿಟಿನ್ ಎಂಬ ಹೆಸರಿನಲ್ಲಿ ಹಂಚಲಾಗಿತ್ತು.

ಇದು ಮಿದುಳಿನಲ್ಲಿ ಹಿತಾನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ವಿಪರೀತವಾಗಿ ಬಿಡುಗಡೆ ಮಾಡಿಸುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 10 ಗಂಟೆ ಬೇಕಾಗುವುದರಿಂದ, ಕೊಕೇನ್‌ಗಿಂತ ಬಹಳ ಹೆಚ್ಚು ಹೊತ್ತು ದೇಹವನ್ನು ಹಿಡಿದಿಡುತ್ತದೆ. ಆ ಅವಧಿಯಲ್ಲಿ ಹಸಿವು, ದಣಿವು ತಿಳಿಯದಿದ್ದರೂ ಹೃದಯದ ಬಡಿತ, ರಕ್ತದೊತ್ತಡ ಮತ್ತು ಮೈಯ ಉಷ್ಣತೆ ಏರುತ್ತಲೇ ಇರುತ್ತವೆ. ‘ನನಗಿನ್ನೂ ಚಿಕ್ಕ ವಯಸ್ಸು’ ಎಂಬ ಧೈರ್ಯ ಇಲ್ಲಿ ನಡೆಯದು, ಏಕೆಂದರೆ ಹೃದಯಾಘಾತವೂ ಪಾರ್ಶ್ವವಾಯುವೂ ಯುವಕರಿಗೂ ಆಗಿವೆ. ಸತತ ಬಳಕೆಯಿಂದ ಹಲ್ಲುಗಳು ಹಾಳಾಗುತ್ತವೆ, ತೂಕ ಇಳಿಯುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಆದರೆ ಮನೆಯಲ್ಲಿ ಜೊತೆಗಿರುವವರಿಗೆ ಮೊದಲು ಕಾಣುವುದು ಬಹುಶಃ ಮನಸ್ಸಿನ ಏರುಪೇರು: ದಿನಗಟ್ಟಲೆ ನಿದ್ದೆಯಿಲ್ಲದಿರುವುದು, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ, ಚರ್ಮದಡಿಯಲ್ಲಿ ಹುಳು ಹರಿದಂತೆನಿಸಿ ಗಾಯವಾಗುವಷ್ಟು ಕೆರೆದುಕೊಳ್ಳುವುದು. ಇದನ್ನು ಮನೆಯ ನೆನಪು, ಒಂಟಿತನ ಎಂದು ತಳ್ಳಿಹಾಕಬಾರದು.

ಎದೆನೋವು, ಸೆಳವು, ವಿಪರೀತ ಮೈಬಿಸಿ ಅಥವಾ ಗೊಂದಲ ಕಂಡರೆ ಕೂಡಲೇ ನೀವಿರುವ ದೇಶದ ತುರ್ತು ಸಂಖ್ಯೆಗೆ ಕರೆಮಾಡಿ, ಏನು ಸೇವಿಸಿದ್ದಾರೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ವೀಸಾದ ಭಯ ನಿಜವೇ, ಅಕ್ರಮವಾಗಿ ಇಟ್ಟುಕೊಂಡದ್ದಕ್ಕೆ ಶಿಕ್ಷೆಯಾದರೆ ವಾಸದ ಪರವಾನಗಿಗೂ ಕುತ್ತು ಬರಬಹುದು; ಆದರೂ ಆ ಭಯದಿಂದ ಆಂಬುಲೆನ್ಸ್ ಕರೆಸಲು ತಡಮಾಡುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಅಫೀಮು ಬಗೆಯ ಮಾದಕಗಳ ಪರಿಣಾಮವನ್ನು ತಡೆಯುವ ಔಷಧವಾದ ನ್ಯಾಲೋಕ್ಸೋನ್ ಮೆಥ್‌ನ ಪರಿಣಾಮವನ್ನು ತಡೆಯದು; ಆದರೆ ಕಳ್ಳಮಾಲಿನಲ್ಲಿ ಅಫೀಮು ಬಗೆಯದೇ ಆದ ಅತಿ ಪ್ರಬಲ ಫೆಂಟನಿಲ್ ಬೆರೆತಿರುವ ಸಾಧ್ಯತೆ ಇರುವುದರಿಂದ, ಉಸಿರಾಟ ಕುಂದಿದ್ದರೆ ನ್ಯಾಲೋಕ್ಸೋನ್ ಕೊಡುವುದೇ ಸರಿ.

ಬಿಡಿಸುವ ಚಿಕಿತ್ಸೆಯ ಮುಖ್ಯ ಆಧಾರ ಆಪ್ತಸಮಾಲೋಚನೆ ಮತ್ತು ವರ್ತನಾ ಚಿಕಿತ್ಸೆ. ಬಿಟ್ಟ ಮೊದಲ ಕೆಲವು ವಾರ ಅತಿನಿದ್ದೆ, ತೀವ್ರ ಖಿನ್ನತೆ, ಆತ್ಮಹತ್ಯೆಯ ಆಲೋಚನೆ ಬರಬಹುದಾದ ಕಾರಣ, ಆ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಸಂಪರ್ಕದಲ್ಲಿ ಇರಿಸಬೇಕು.