‘ಪುಟ್ ಆಫ್’ ಅಂದರೆ ರದ್ದಾಯಿತು ಅಂದುಕೊಂಡಿದ್ದೆ

ಡಿಗ್ರಿ ಮುಗಿಸಿ ಮಂಡ್ಯದ ಮನೆಯಲ್ಲಿದ್ದ ಕಾಲ. ಮೈಸೂರಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಹಿಂದಿನ ಸಂಜೆ ಮೆಸೇಜ್ ಬಂತು: ‘ಯುವರ್ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್.’ ಲೈಟ್ ಆಫ್, ಫ್ಯಾನ್ ಆಫ್ ಅನ್ನುತ್ತಲೇ ಬೆಳೆದವಳು ನಾನು. ಇದೂ ಆಫ್, ಅಂದರೆ ರದ್ದು ಅಂದುಕೊಂಡೆ. ಓದುತ್ತಿದ್ದ ಪುಸ್ತಕ ಎತ್ತಿಟ್ಟೆ. ಹತ್ತು ದಿನ ಬಿಟ್ಟು ಫೋನ್ ಬಂತು, ‘ನಾಳೆ ಬೆಳಿಗ್ಗೆ ಬನ್ನಿ.’ ಹೋದೆ. ಕೇಳಿದ್ದಕ್ಕೆಲ್ಲ ತಡವರಿಸಿದೆ. ಕೆಲಸ ಸಿಗಲಿಲ್ಲ. ತುಂಬಾ ದಿನ ಬೇಜಾರಿತ್ತು.

ರದ್ದು ಮಾಡುವುದಕ್ಕೆ ‘ಕಾಲ್ ಆಫ್’ ಅನ್ನಬೇಕು. ‘ಪುಟ್ ಆಫ್’ ಅಂದರೆ ಮುಂದೂಡುವುದು. ನಮ್ಮಲ್ಲೂ ‘ಮದುವೆ ಮುಂದಕ್ಕೆ ಹಾಕಿದ್ರು’ ಅಂತೀವಲ್ವಾ? ಪುಟ್ ಅಂದರೂ ಹಾಕುವುದೇ. ಹೀಗೆ ಜೋಡಿಸಿಕೊಂಡ ಮೇಲೆ ನನಗೆ ಮರೆತಿಲ್ಲ. ಆದರೆ ಇಲ್ಲೊಂದು ಗುಂಡಿ ಇದೆ. ನಮ್ಮ ‘ಮುಂದಕ್ಕೆ’ಯನ್ನು ‘ಫಾರ್ವರ್ಡ್’ ಅಂತ ಮಾಡಿದರೆ ಕೆಟ್ಟಿತು. ‘ಬ್ರಿಂಗ್ ಫಾರ್ವರ್ಡ್’ ಅಂದರೆ ಪೂರ್ತಿ ಉಲ್ಟಾ. ಶುಕ್ರವಾರದ ಮೀಟಿಂಗನ್ನು ಬುಧವಾರಕ್ಕೇ ತರುವುದು. ನಮ್ಮ ಆಫೀಸುಗಳಲ್ಲಿ ‘ಪ್ರೀಪೋನ್’ ಅನ್ನುವುದು ಅದಕ್ಕೇ.

ಮುಂದಿನ ವರ್ಷ ಮೈಸೂರಲ್ಲೇ ಬೇರೆ ಕಡೆ ಕೆಲಸ ಸಿಕ್ಕಿತು. ದಿನಾ ರೈಲಿನಲ್ಲಿ ಹೋಗುವಾಗ ಚಿಕ್ಕ ನೋಟ್‌ಬುಕ್ಕಿನಲ್ಲಿ ಒಂದೊಂದು ವಾಕ್ಯ ಬರೆಯುತ್ತಿದ್ದೆ. ಎಲ್ಲವೂ ನಮ್ಮ ಮನೆಯ ವಿಷಯವೇ. ಅಪ್ಪ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ಇವತ್ತು ನಾಳೆ ಅಂತ ತಳ್ಳುತ್ತಿದ್ದರು: ‘ಹಿ ಕೀಪ್ಸ್ ಪುಟಿಂಗ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್.’ ‘ಗೋಯಿಂಗ್’ ಬದಲು ‘ಟು ಗೋ’ ಹಾಕಿದರೆ ತಪ್ಪು. ‘ಇಟ್’ ಬಂದರೆ ನಡುವೆ ಕೂರಿಸಬೇಕು: ‘ಪುಟ್ ಇಟ್ ಆಫ್.’ ‘ಪುಟ್ ಆಫ್ ಇಟ್’ ಅನ್ನುವ ಹಾಗಿಲ್ಲ.

ಇನ್ನೊಂದು ಅರ್ಥ ನನಗೆ ಜಾಸ್ತಿ ಇಷ್ಟ: ಮನಸ್ಸೇ ಬಾರದ ಹಾಗೆ ಮಾಡುವುದು. ಕಬ್ಬು ಅರೆಯುವ ಕಾಲದಲ್ಲಿ ಚಿಕ್ಕಮ್ಮನ ಮಗಳು ಊರಿಂದ ಬಂದಿದ್ದಳು. ಕಾಕಂಬಿ ವಾಸನೆ ನಮಗೆ ಅಭ್ಯಾಸ. ಅವಳಿಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ‘ದ ಸ್ಮೆಲ್ ಪುಟ್ ಹರ್ ಆಫ್ ಹರ್ ಫುಡ್’ ಅಂತ ಬರೆದೆ. ಹಿಂದೆ ನಡೆದದ್ದಾದರೂ ‘ಪುಟ್’ ಪುಟ್ ಆಗಿಯೇ ಇರುತ್ತದೆ. ಟಿವಿ ಸದ್ದಿಗೆ ಓದಿನಿಂದ ಗಮನ ತಪ್ಪಿದರೂ ಇದೇ ಮಾತು: ‘ದ ಟಿವಿ ಈಸ್ ಪುಟಿಂಗ್ ಮಿ ಆಫ್.’

ಈಗ ಆಫೀಸಿನಲ್ಲಿ ಯಾರಾದರೂ ‘ಪುಟ್ ಆಫ್’ ಅಂದರೆ ಸುಮ್ನೆ ತಲೆಯಾಡಿಸುವುದಿಲ್ಲ. ‘ಅಂಟಿಲ್ ವೆನ್?’ ಅಂತ ಕೇಳಿ ತಾರೀಕು ಬರೆದುಕೊಳ್ಳುತ್ತೇನೆ.