ಮನೆಮಂದಿಯೆಲ್ಲ ಸ್ಟ್ರಾಬೆರಿ ಬಿಡಿಸಲು ಹೊರಡುವ ಮುನ್ನ

ಮಾವು, ಸಪೋಟ, ಬಾಳೆಗಳನ್ನು ಬಲಿತ ಕಾಯಿಯಾಗಿರುವಾಗಲೇ ಕಿತ್ತು, ಹುಲ್ಲಿನಲ್ಲೋ ಅಕ್ಕಿಯ ಡಬ್ಬದಲ್ಲೋ ಹುದುಗಿಸಿಟ್ಟು ಹಣ್ಣು ಮಾಡುವ ಕ್ರಮ ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತು. ಸ್ಟ್ರಾಬೆರಿಗೆ ಆ ಕ್ರಮ ನಡೆಯುವುದಿಲ್ಲ. ಗಿಡದಿಂದ ಬೇರ್ಪಟ್ಟ ಮೇಲೆ ಅದರ ಬಣ್ಣ ಇನ್ನಷ್ಟು ಕೆಂಪೇರಬಹುದು, ಮೈ ಮೆತ್ತಗಾಗಬಹುದು, ಆದರೆ ಸಿಹಿ ಮಾತ್ರ ಹೆಚ್ಚುವುದಿಲ್ಲ. ದೂರದ ಮಾರುಕಟ್ಟೆಗೆ ಹೋಗುವ ಹಣ್ಣು ದಾರಿಯಲ್ಲಿ ಜಜ್ಜಿಹೋಗಬಾರದೆಂದು ಅದನ್ನು ಪೂರ್ತಿ ಮಾಗುವ ಮೊದಲೇ ಕೊಯ್ಯುತ್ತಾರೆ. ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಹಣ್ಣು ಬಾಯಿಗಿಟ್ಟರೆ ಹುಳಿಯಾಗಿರುವುದಕ್ಕೆ ಇದು ದೊಡ್ಡ ಕಾರಣ. ಗಿಡದಲ್ಲೇ ಮಾಗಿದ ಸ್ಟ್ರಾಬೆರಿಯ ರುಚಿ ಮಕ್ಕಳಿಗೆ ತೋರಿಸಬೇಕೆಂದರೆ ಗಿಡವಿರುವಲ್ಲಿಗೇ ಹೋಗಬೇಕು, ಮತ್ತು ಯಾವ ತಿಂಗಳಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ತಲುಪಬೇಕು, ಎಷ್ಟು ಹಣ್ಣು ಕೀಳಬೇಕು ಎಂಬುದನ್ನೆಲ್ಲ ಈ ಒಂದು ಸಂಗತಿಯಿಂದಲೇ ತೀರ್ಮಾನಿಸಿಕೊಳ್ಳಬೇಕು.

ನಮ್ಮ ಕಡೆ ಸ್ಟ್ರಾಬೆರಿ ಸಸಿಗಳನ್ನು ಸಾಮಾನ್ಯವಾಗಿ ಸೆಪ್ಟೆಂಬರ್‌, ಅಕ್ಟೋಬರ್‌ ತಿಂಗಳುಗಳಲ್ಲಿ ನೆಡುತ್ತಾರೆ. ಹೂ ಅರಳಿ ಸುಮಾರು ಒಂದು ತಿಂಗಳಿಗೆ ಹಣ್ಣು ಮಾಗುತ್ತದೆ. ಹೀಗಾಗಿ ಡಿಸೆಂಬರ್‌ ಹೊತ್ತಿಗೆ ಕೊಯ್ಲು ಆರಂಭವಾಗಿ, ಜನವರಿ ಮತ್ತು ಫೆಬ್ರವರಿಯ ಮೊದಲ ಭಾಗದಲ್ಲಿ ಹಣ್ಣು ಅತ್ಯುತ್ತಮವಾಗಿದ್ದು, ಮಾರ್ಚ್‌ ತಿಂಗಳ ಬಿಸಿಲು ಬಲಿಯುತ್ತಿದ್ದಂತೆ ಹಣ್ಣು ಸಣ್ಣದಾಗಿ, ಹುಳಿಯಾಗಿ ಬೆಳೆ ಮುಗಿಯುತ್ತದೆ. ಈ ಹಣ್ಣಿಗೆ ಬೇಕಾದದ್ದು ಹಗಲಿನ ಎಳೆಬಿಸಿಲು ಮತ್ತು ರಾತ್ರಿಯ ತಂಪು. ಸ್ಟ್ರಾಬೆರಿಗೆ ಹೆಸರಾಗಿ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಹಾಬಲೇಶ್ವರದಷ್ಟು ಎತ್ತರ ಬೆಂಗಳೂರಿಗಿಲ್ಲವಾದರೂ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್‌ ಮೇಲಿರುವ ನಮ್ಮ ಪ್ರಸ್ಥಭೂಮಿಯ ಚಳಿಗಾಲದ ರಾತ್ರಿಗಳು ಆ ತಂಪನ್ನು ಒಂದೆರಡು ತಿಂಗಳಾದರೂ ಕೊಡುತ್ತವೆ. ಅವರೆಕಾಯಿ ಸೊಗಡು ತುಂಬಿಕೊಂಡು ಮಾರುಕಟ್ಟೆಗೆ ಬರುವ ದಿನಗಳೇ ಸ್ಟ್ರಾಬೆರಿಯ ದಿನಗಳು ಎಂದು ಲೆಕ್ಕವಿಟ್ಟುಕೊಂಡರೆ ತಪ್ಪಾಗಲಾರದು.

ಆದರೆ ಕಾಲ ಸರಿಯಾಗಿದ್ದ ಮಾತ್ರಕ್ಕೆ ತೋಟದಲ್ಲಿ ಹಣ್ಣು ಇದ್ದೇ ಇರುತ್ತದೆ ಎನ್ನುವಂತಿಲ್ಲ. ಸ್ಟ್ರಾಬೆರಿ ಗಿಡ ಸರದಿಯ ಮೇಲೆ ಹೂ ಬಿಡುತ್ತದೆ. ಒಂದು ಸರದಿಯ ಹಣ್ಣು ಮುಗಿದು ಮುಂದಿನದು ಮಾಗುವವರೆಗೆ ಮಡಿಗಳಲ್ಲಿ ಬಿಳಿಗಾಯಿಗಳೇ ಹೆಚ್ಚಾಗಿರುತ್ತವೆ. ಭಾನುವಾರ ನೂರಾರು ಕೈಗಳು ಆಡಿದ ತೋಟದಲ್ಲಿ ಸೋಮವಾರಕ್ಕೆ ಮಾಗಿದ ಹಣ್ಣು ಉಳಿದಿರುವುದೂ ಅನುಮಾನ. ಶುಕ್ರವಾರ ಅಥವಾ ಶನಿವಾರ ಬೆಳಿಗ್ಗೆ ಹೋಗುವುದು ಒಳ್ಳೆಯದು, ಸಂಕ್ರಾಂತಿಯ ರಜೆಯ ದಿನಗಳನ್ನು ಬಿಟ್ಟುಬಿಡುವುದು ಇನ್ನೂ ಒಳ್ಳೆಯದು. ಯಾವ ದಿನವಾದರೂ ಹೊರಡುವ ಹಿಂದಿನ ಸಂಜೆ ತೋಟಕ್ಕೆ ಫೋನ್‌ ಮಾಡಿ, ನಾಳೆಗೆ ಹಣ್ಣು ಇದೆಯೇ, ನಾವೇ ಕೀಳಲು ಬಿಡುತ್ತಾರೆಯೇ, ಪ್ರವೇಶಕ್ಕೆ ತಲೆಗೆ ಎಷ್ಟು, ಹಣ್ಣಿಗೆ ತೂಕದ ಮೇಲೆ ಬೇರೆ ಹಣವೇ, ಬಯಲಿನಲ್ಲಿ ಬೆಳೆದಿದ್ದಾರೋ ಪಾಲಿಹೌಸಿನೊಳಗೋ, ಹಿರಿಯರು ಕೂರಲು ನೆರಳು ಮತ್ತು ಶೌಚಾಲಯ ಇವೆಯೇ ಎಂದು ಕೇಳಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. "ಅಣ್ಣಾ, ಕೊನೇ ಸಲ ಔಷಧಿ ಹೊಡೆದು ಎಷ್ಟು ದಿನ ಆಯ್ತು?" ಎಂದು ಸಂಕೋಚವಿಲ್ಲದೆ, ಆದರೆ ವಿನಯದಿಂದ ಕೇಳಿ. ಸ್ಟ್ರಾಬೆರಿಗೆ ಸುಲಿದು ಬಿಸಾಡುವ ಸಿಪ್ಪೆಯಿಲ್ಲ, ನೆಲಕ್ಕೆ ಹತ್ತಿರ ಬೆಳೆಯುವುದರಿಂದ ಕೀಟ ಮತ್ತು ಬೂಷ್ಟಿನ ಕಾಟ ಹೆಚ್ಚು, ಹಾಗಾಗಿ ಔಷಧಿ ಸಿಂಪಡಿಸುವ ತೋಟಗಳು ಸಾಕಷ್ಟಿವೆ. ಪ್ರತಿ ಔಷಧಿಗೂ ಸಿಂಪಡಿಸಿದ ನಂತರ ಕೊಯ್ಲಿಗೆ ಮುನ್ನ ಇಷ್ಟು ದಿನ ಕಾಯಬೇಕೆಂಬ ನಿಯಮವಿದ್ದು, ಒಳ್ಳೆಯ ರೈತರಿಗೆ ಅದು ಬಾಯಿಪಾಠವಾಗಿರುತ್ತದೆ. ತೋಟದಲ್ಲಿ ಎಷ್ಟೇ ಎಚ್ಚರಿಕೆ ಹೇಳಿದರೂ ಮಕ್ಕಳು ಕಿತ್ತ ಮೊದಲ ಹಣ್ಣನ್ನು ನೇರವಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದೇ ತಿಳಿದು ಈ ಪ್ರಶ್ನೆ ಕೇಳಬೇಕು. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಬೇರೆ ತೋಟ ಹುಡುಕುವುದೇ ಮೇಲು.

ಹೊರಡುವ ಹೊತ್ತಿನ ಬಗ್ಗೆ ಸ್ವಲ್ಪ ಯೋಚಿಸಬೇಕು. ಚಳಿಗಾಲದ ಮುಂಜಾನೆ ಬಯಲಿನ ಗಿಡಗಳ ಮೇಲೆ ಇಬ್ಬನಿ ಕೂತಿರುತ್ತದೆ, ಒದ್ದೆ ಹಣ್ಣನ್ನು ಡಬ್ಬಿಗೆ ಹಾಕಿದರೆ ಬೇಗ ಬೂಷ್ಟು ಹಿಡಿಯುತ್ತದೆ. ಹನ್ನೊಂದರ ಮೇಲೆ ಹೋದರೆ ಬಿಸಿಲಿಗೆ ಕಾದ ಹಣ್ಣು ಬೆರಳು ತಾಗಿದರೂ ಜಜ್ಜುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಅಂದರೆ ಸುಮಾರು ಎಂಟೂವರೆಯಿಂದ ಹತ್ತೂವರೆಯ ನಡುವೆ ಕೀಳುವುದು ಸರಿ. ನೀವು ಆರಿಸಿಕೊಂಡ ತೋಟ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗಿದ್ದರೆ ವಾರಾಂತ್ಯದಲ್ಲಿ ನಂದಿಬೆಟ್ಟಕ್ಕೆ ಹೋಗುವ ವಾಹನಗಳ ಸಾಲು ಹೆಬ್ಬಾಳದಿಂದಲೇ ಜೊತೆಯಾಗುತ್ತದೆ ಎಂಬುದನ್ನು ನೆನಪಿಟ್ಟು ಆರೂವರೆಗೇ ಮನೆ ಬಿಡಿ; ತಿಂಡಿಗೆ ಚಿತ್ರಾನ್ನವನ್ನೋ ಇಡ್ಲಿ–ಚಟ್ನಿಪುಡಿಯನ್ನೋ ಕಟ್ಟಿಕೊಂಡರೆ ದಾರಿಯ ಹೋಟೆಲಿನಲ್ಲಿ ಸೀಟಿಗಾಗಿ ಕಾಯುವ ಸಮಯವೂ ಉಳಿಯುತ್ತದೆ.

ಜೊತೆಗೆ ಒಯ್ಯಬೇಕಾದವುಗಳಲ್ಲಿ ಮುಖ್ಯವಾದದ್ದು ಅಗಲವಾದ, ಆಳವಿಲ್ಲದ ಡಬ್ಬಿಗಳು. ಆಳವಾದ ಬುಟ್ಟಿ ಫೋಟೋಗೆ ಚೆನ್ನ, ಹಣ್ಣಿಗೆ ಅಲ್ಲ. ಎರಡು ಪದರಕ್ಕಿಂತ ಹೆಚ್ಚು ಪೇರಿಸಿದರೆ ತಳದವು ತಮ್ಮ ಮೇಲಿನ ಭಾರಕ್ಕೇ ಒಡೆದು ರಸ ಬಿಡುತ್ತವೆ. ಡಬ್ಬಿಯ ತಳಕ್ಕೆ ಹಳೆಯ ಹತ್ತಿಬಟ್ಟೆ ಹಾಸಿ. ಹಣ್ಣಿನ ಕಲೆ ಸುಲಭಕ್ಕೆ ಹೋಗದ್ದರಿಂದ ಮಕ್ಕಳಿಗೆ ಹಳೆಯ ಬಟ್ಟೆ, ಮುಚ್ಚಿದ ಬೂಟು, ಟೋಪಿ ಸಾಕು. ಸ್ಟ್ರಾಬೆರಿ ಗಿಡ ಒಂದು ಗೇಣಿನಷ್ಟೇ ಎತ್ತರ, ಆದ್ದರಿಂದ ಕೆಲಸವೆಲ್ಲ ಬಗ್ಗಿ ಅಥವಾ ಕುಕ್ಕರಗಾಲಿನಲ್ಲಿ ಕೂತು ಮಾಡುವಂಥದ್ದು. ಮೊಣಕಾಲು ನೋವಿರುವ ಅಜ್ಜಿ, ತಾತ ಬರುವುದಾದರೆ ಮಡಚುವ ಕುರ್ಚಿಯೊಂದನ್ನು ಡಿಕ್ಕಿಯಲ್ಲಿಟ್ಟುಕೊಂಡು, ಮೊಮ್ಮಕ್ಕಳು ಕಿತ್ತು ತಂದದ್ದನ್ನು ಆರಿಸಿ ಜೋಡಿಸುವ ಕೆಲಸವನ್ನು ಅವರಿಗೆ ಒಪ್ಪಿಸಿ. ತೋಟದಲ್ಲಿ ನೆಟ್‌ವರ್ಕ್‌ ಸಿಗದೆ ಯುಪಿಐ ಕೈಕೊಡಬಹುದು, ಸ್ವಲ್ಪ ನಗದು ಇರಲಿ.

ತೋಟದೊಳಗೆ ಕಾಲಿಟ್ಟಾಗ ಮೊದಲು ನೆಲ ನೋಡಿ. ಏರು ಮಡಿಗಳ ಮೇಲೆ ಪ್ಲಾಸ್ಟಿಕ್‌ ಹೊದಿಕೆ ಹಾಸಿ, ಅದರಲ್ಲಿ ತೂತು ಮಾಡಿ ಸಸಿ ನೆಟ್ಟಿರುತ್ತಾರೆ. ಹೊದಿಕೆಯ ಅಡಿಯಲ್ಲಿ ಹನಿ ನೀರಾವರಿಯ ಪೈಪು ಹರಿದಿರುತ್ತದೆ. ಮಡಿಯ ಮೇಲೆ ಕಾಲಿಟ್ಟರೆ ಗಿಡವೂ ಪೈಪೂ ಎರಡೂ ಹಾಳು. ಮಡಿಗಳ ನಡುವಿನ ಕಾಲುದಾರಿಯಲ್ಲೇ ನಡೆಯಬೇಕೆಂದು ಮಕ್ಕಳಿಗೆ ತೋಟದ ಬಾಗಿಲಲ್ಲೇ ಹೇಳಿ.

ಈಗ ಕೀಳುವ ಕೈಚಳಕ. ಮಾಗಿದ ಹಣ್ಣು ಮೇಲಿನಿಂದ ಕಾಣುವುದು ಕಡಿಮೆ, ಎಲೆಗಳನ್ನು ಅಂಗೈಯಿಂದ ಮೆಲ್ಲನೆ ಒತ್ತಟ್ಟಿಗೆ ಸರಿಸಿ ಮಡಿಯ ಅಂಚಿನಲ್ಲಿ ಇಳಿಬಿದ್ದವುಗಳನ್ನು ನೋಡಬೇಕು. ಬಿಸಿಲಿಗೆ ಮುಖಮಾಡಿದ ಬದಿ ಮಾತ್ರ ಕೆಂಪಾಗಿ, ಹಿಂಬದಿ ಬೆಳ್ಳಗಿರುವ ಹಣ್ಣುಗಳು ಬಹಳ, ಆದ್ದರಿಂದ ಹಣ್ಣನ್ನು ಕೀಳದೆ ತೊಟ್ಟಿನ ಮೇಲೇ ತಿರುಗಿಸಿ ಸುತ್ತಲೂ ಪರೀಕ್ಷಿಸಿ. ಮುಖ್ಯವಾಗಿ ಹಸಿರು ಟೊಪ್ಪಿಗೆಯ ಅಡಿಯಲ್ಲಿ ನೋಡಬೇಕು: ಅಲ್ಲಿ ಬಿಳಿಯ ಉಂಗುರ ಉಳಿದಿದ್ದರೆ ಇನ್ನೊಂದೆರಡು ದಿನ ಬಿಡಬೇಕಾದ ಹಣ್ಣು ಅದು. ಟೊಪ್ಪಿಗೆಯವರೆಗೂ ಕೆಂಪೇರಿ, ಮೈ ಹೊಳೆಯುತ್ತ, ಮೂಗಿನ ಹತ್ತಿರ ತಂದಾಗ ಪರಿಮಳ ಬಂದರೆ ಅದು ಸಿದ್ಧ. ಹಣ್ಣನ್ನೇ ಹಿಡಿದು ಎಳೆಯಬಾರದು. ಎಳೆದರೆ ಹಣ್ಣು ಟೊಪ್ಪಿಗೆಯಿಂದ ಕಳಚಿಬಂದು ಆ ಗಾಯದಿಂದಲೇ ಕೊಳೆಯತೊಡಗುತ್ತದೆ, ಕೆಲವೊಮ್ಮೆ ಹೂವು, ಕಾಯಿಗಳಿರುವ ಇಡೀ ಗೊಂಚಲೇ ಕಿತ್ತುಬರುತ್ತದೆ. ಹಣ್ಣಿನಿಂದ ಅರ್ಧ ಇಂಚು ಮೇಲೆ ತೊಟ್ಟನ್ನು ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಹಿಡಿದು ಚಿವುಟಿ, ಹಣ್ಣು ಅಂಗೈಗೆ ತಾನೇ ಬೀಳುವಂತೆ ಬಿಡಬೇಕು. ಮೊಗ್ಗು ಬಿಡಿಸಿ ಅಭ್ಯಾಸವಿರುವ ಕೈಗಳಿಗೆ ಇದು ಮೊದಲ ಹಣ್ಣಿನಲ್ಲೇ ಒಲಿಯುತ್ತದೆ.

ಮಕ್ಕಳಿಗೆ ಅಲ್ಲಿ ತೋರಿಸಬೇಕಾದದ್ದು ಬಹಳವಿದೆ. ಸ್ಟ್ರಾಬೆರಿಯ ಮೈಮೇಲಿನ ಹಳದಿ ಚುಕ್ಕೆಗಳನ್ನು ನಾವು ಬೀಜವೆನ್ನುತ್ತೇವೆ; ಸಸ್ಯಶಾಸ್ತ್ರದ ಪ್ರಕಾರ ಒಂದೊಂದು ಚುಕ್ಕೆಯೂ ಒಳಗೆ ಬೀಜವಿರುವ ಒಂದೊಂದು ಹಣ್ಣು, ನಾವು ತಿನ್ನುವ ಕೆಂಪು ತಿರುಳು ಹೂವಿನ ಬುಡ ಉಬ್ಬಿ ಆದದ್ದು. ಪ್ರತಿ ಚುಕ್ಕೆಗೂ ಪರಾಗ ತಲುಪಿದರೆ ಮಾತ್ರ ಅದರ ಸುತ್ತಲಿನ ತಿರುಳು ಬೆಳೆಯುತ್ತದೆ. ಸೊಟ್ಟ ಹಣ್ಣೊಂದನ್ನು ಹುಡುಕಿ ಕೈಗೆ ಕೊಟ್ಟು, ಒಳಸೇದಿದ ಜಾಗದಲ್ಲಿ ಚುಕ್ಕೆಗಳು ಸಣ್ಣದಾಗಿ ಒತ್ತೊತ್ತಾಗಿರುವುದನ್ನು ತೋರಿಸಿದರೆ, ಜೇನುನೊಣ ಯಾಕೆ ಬೇಕು ಎಂಬುದು ಪಾಠಪುಸ್ತಕಕ್ಕಿಂತ ಚೆನ್ನಾಗಿ ಮನಸ್ಸಿಗಿಳಿಯುತ್ತದೆ. ಹೂವಿನ ಮೇಲೆ ಕೂತ ಜೇನುನೊಣವನ್ನು ಓಡಿಸಬೇಡಿ, ಕೈ ಬೀಸದಿದ್ದರೆ ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು ಹೋಗುತ್ತದೆ. ಇನ್ನು ಸೊಟ್ಟ ಹಣ್ಣಿನ ಸಿಹಿಗೆ ಏನೂ ಕೊರತೆಯಿಲ್ಲ. ಸ್ಟ್ರಾಬೆರಿಯನ್ನು ಮೊದಲ ಸಲ ತಿನ್ನುವ ಮಗುವಿಗೆ ಮಾತ್ರ ಒಂದೇ ಹಣ್ಣು ತೊಳೆದು ಕೊಟ್ಟು ಸ್ವಲ್ಪ ಹೊತ್ತು ಗಮನಿಸಿ, ಕೆಲವರಿಗೆ ಇದು ಒಗ್ಗದೆ ತುಟಿಯ ಸುತ್ತ ಕೆಂಪು ದದ್ದು ಏಳುವುದುಂಟು.

ಎಷ್ಟು ಕೀಳಬೇಕು? ನನ್ನ ಅಭಿಪ್ರಾಯದಲ್ಲಿ ತಲೆಗೆ ಕಾಲು ಕಿಲೋ ಧಾರಾಳವಾಯಿತು. ಕೀಳುವ ಉತ್ಸಾಹದಲ್ಲಿ ಡಬ್ಬಿ ತುಂಬುವುದು ಗೊತ್ತೇ ಆಗುವುದಿಲ್ಲ, ಆದರೆ ಹೀಗೆ ಪೂರ್ತಿ ಮಾಗಿದ ಹಣ್ಣು ಎರಡು ದಿನಕ್ಕಿಂತ ಹೆಚ್ಚು ಚೆನ್ನಾಗಿ ಉಳಿಯುವುದಿಲ್ಲ. ಕಿತ್ತ ಹಣ್ಣು ಹುಳಿಯೆಂದು ಮಡಿಯಲ್ಲಿ ಎಸೆದು ಹೋಗುವುದು ರೈತನ ದುಡಿಮೆಗೆ ಮಾಡುವ ಅವಮಾನ. ಕಿತ್ತದ್ದೆಲ್ಲವನ್ನೂ ತೂಕಕ್ಕಿಟ್ಟು ಹಣ ಕೊಟ್ಟೇ ತರಬೇಕು.

ಹಿಂತಿರುಗುವಾಗ ಡಬ್ಬಿಗಳನ್ನು ಡಿಕ್ಕಿಯಲ್ಲಿಡದೆ ಕಾರಿನೊಳಗೆ ನೆರಳಿರುವ ಕಡೆ ಇಡಿ, ಊಟಕ್ಕೋ ಅವರೆಕಾಯಿ ಕೊಳ್ಳುವುದಕ್ಕೋ ಇಳಿದರೆ ಬಿಸಿಲಿನಲ್ಲಿ ಕಾರು ನಿಲ್ಲಿಸಬೇಡಿ. ಮನೆ ಸೇರಿದ ಕೂಡಲೇ ಜಜ್ಜಿದ ಹಣ್ಣುಗಳನ್ನು ಬೇರೆ ಮಾಡಿ. ಒಂದರ ಬೂಷ್ಟು ಪಕ್ಕದ ಹಣ್ಣಿಗೆ ಹಬ್ಬಲು ಒಂದು ರಾತ್ರಿ ಸಾಕು. ಉಳಿದವನ್ನು ತೊಳೆಯದೆ, ತೊಟ್ಟಿನ ಸಮೇತ ಫ್ರಿಜ್ಜಿನಲ್ಲಿಟ್ಟು, ತಿನ್ನುವ ಮುನ್ನ ಮಾತ್ರ ಹರಿಯುವ ನೀರಿನಲ್ಲಿ ತೊಳೆಯಬೇಕು. ಟೊಪ್ಪಿಗೆ ತೆಗೆಯುವುದು ತೊಳೆದ ನಂತರವೇ, ಇಲ್ಲವಾದರೆ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ.

ಜಜ್ಜಿದವುಗಳಿಂದ ಅಂದೇ ಜಾಮ್‌ ಮಾಡಬಹುದು. ಸ್ಟ್ರಾಬೆರಿಯಲ್ಲಿ ಪಾಕ ಗಟ್ಟಿಯಾಗಿಸುವ ಪೆಕ್ಟಿನ್‌ ಕಡಿಮೆ, ಆದ್ದರಿಂದ ಅರ್ಧ ಕಿಲೋ ಹಣ್ಣಿಗೆ ಮುನ್ನೂರೈವತ್ತು ಗ್ರಾಂ ಸಕ್ಕರೆಯ ಜೊತೆ ಒಂದು ನಿಂಬೆಹಣ್ಣಿನ ರಸ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ. ಅಡುಗೆಯ ಥರ್ಮಾಮೀಟರ್‌ ಇರುವವರು ಒಂದು ವಿಷಯ ಗಮನಿಸಬೇಕು: ಜಾಮ್‌ 105 ಡಿಗ್ರಿಗೆ ಸಿದ್ಧ ಎಂಬ ಲೆಕ್ಕ ಸಮುದ್ರಮಟ್ಟದ ಊರುಗಳದ್ದು. ಬೆಂಗಳೂರಿನ ಎತ್ತರದಲ್ಲಿ ನೀರೇ ಸುಮಾರು 97 ಡಿಗ್ರಿಗೆ ಕುದಿಯುವುದರಿಂದ ನಮ್ಮಲ್ಲಿ 102ರ ಹತ್ತಿರ ಒಲೆ ಆರಿಸಬೇಕು, 105ರವರೆಗೆ ಕಾದರೆ ಜಾಮ್‌ ಅಂಟಾಗಿ ಬಿಡುತ್ತದೆ. ಥರ್ಮಾಮೀಟರ್‌ ಇಲ್ಲದವರು ಫ್ರಿಜ್ಜಿನಲ್ಲಿಟ್ಟ ತಟ್ಟೆಗೆ ಒಂದು ತೊಟ್ಟು ಹಾಕಿ ಬೆರಳಿನಿಂದ ತಳ್ಳಿ ನೋಡಲಿ. ಮೇಲ್ಮೈ ಸುಕ್ಕುಗಟ್ಟಿದರೆ ಆಯಿತು. ಬಿಸಿಯಾಗಿರುವಾಗಲೇ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, ಸಕ್ಕರೆ ಕಡಿಮೆ ಹಾಕಿರುವುದರಿಂದ ಫ್ರಿಜ್ಜಿನಲ್ಲೇ ಇಟ್ಟು, ತಿಂಗಳೊಳಗೆ ಬಳಸಿ ಮುಗಿಸಬೇಕು.