ನವೋದಯ ಪರೀಕ್ಷೆ: ಮೊದಲು ಪೆನ್ಸಿಲಿನ ಅಭ್ಯಾಸ ಬಿಡಿಸಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಒಂದು ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಬಹಳ ವರ್ಷ ಐದನೇ ತರಗತಿಯ ಟೀಚರ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೂ ಜಗಲಿಗೆ ಬರುವ ತಾಯಂದಿರ ಪ್ರಶ್ನೆ ಒಂದೇ: "ಟೀಚರೇ, ಪೆರಿಯದ ನವೋದಯಕ್ಕೆ ಮಗುವನ್ನು ಹೇಗೆ ತಯಾರು ಮಾಡುವುದು?" ಪೆರಿಯದ ನವೋದಯ ಎಂದರೆ ನಮ್ಮ ಜಿಲ್ಲೆಯ ಕೇಂದ್ರ ಸರಕಾರಿ ವಸತಿ ಶಾಲೆ; ಐದನೇ ತರಗತಿಯಲ್ಲಿರುವಾಗ ಪರೀಕ್ಷೆ ಬರೆದು ಆರನೆಯದಕ್ಕೆ ಸೇರುವುದು. ಆ ತಾಯಂದಿರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಅರ್ಜಿ. ಪರೀಕ್ಷೆ ಯಾವ ಭಾಷೆಯಲ್ಲಿ ಎಂಬ ಕಾಲಂನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ತುಂಬಿಕೊಡುವವರು ಅಭ್ಯಾಸಬಲದಿಂದ ಮಲಯಾಳ ಎಂದು ಒತ್ತಿಬಿಟ್ಟರೆ ಕನ್ನಡ ಕಲಿತ ಮಗು ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಅಳಬೇಕಾಗುತ್ತದೆ. ಇನ್ನೊಂದು ಬಲೆ ಗ್ರಾಮೀಣ ಮೀಸಲಾತಿಯದು. 75 ಶೇಕಡಾ ಸೀಟು ಹಳ್ಳಿ ಮಕ್ಕಳಿಗೆ ಇದೆ, ನಿಜ. ಆದರೆ ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಕಲಿತಿದ್ದರೂ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ. ಅಜ್ಜಿ ಮನೆಯಲ್ಲಿದ್ದು ಎರಡು ತಿಂಗಳು ಕಾಸರಗೋಡು ಪೇಟೆಯ ಶಾಲೆಗೆ ಹೋಗಿಬಂದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲೇ ಇದ್ದಳು. ಆದ್ದರಿಂದ ಹೆಡ್‌ಮಾಸ್ತರರ ಬಳಿ ದಾಖಲೆ ತೆಗೆಸಿ ನೋಡಿದ ಮೇಲೆಯೇ ಅರ್ಜಿ ಹಾಕಿ. ಈ ಪರೀಕ್ಷೆ ಜೀವಮಾನಕ್ಕೆ ಒಂದೇ ಸಲ.

ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಗಣಿತ 20, ಭಾಷೆ 20. ಉಳಿದ 40 ಬರೀ ಚಿತ್ರಗಳು. ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿದ ಕಾಗದ ಬಿಚ್ಚಿದರೆ ತೂತು ಎಲ್ಲೆಲ್ಲಿ, ಇಂಥವು. ಭಾಷೆ ಬೇಡದ ಪ್ರಶ್ನೆಗಳು, ಹಾಗಾಗಿ ಎಲ್ಲರಿಗೂ ಸಮ ಎನ್ನುವವರಿದ್ದಾರೆ. ನಾನೂ ಹಾಗೆಯೇ ನಂಬಿದ್ದೆ.

ಅಡಿಕೆ ಮರ ಹತ್ತುವವರ ಮಗನೊಬ್ಬ ಇದ್ದ, ಬಾಯಿಲೆಕ್ಕದಲ್ಲಿ ನನ್ನನ್ನೇ ಹಿಂದೆ ಹಾಕುವವನು. ಅವನೆದುರು ಹಾಳೆಯೊಂದನ್ನು ಎರಡು ಸಲ ಮಡಚಿ ದಬ್ಬಣದಿಂದ ಚುಚ್ಚಿದೆ. ಬಿಚ್ಚಿದರೆ ಎಷ್ಟು ತೂತು ಎಂದು ಕೇಳಿದರೆ "ಒಂದು" ಎಂದ. "ನೀವು ಚುಚ್ಚಿದ್ದು ಒಂದೇ ಅಲ್ಲವಾ ಟೀಚರೇ?" ಬಿಚ್ಚಿ ತೋರಿಸಿದೆ, ನಾಲ್ಕು. ಮರುದಿನ ಅವನೇ ಮೂರು ಸಲ ಮಡಚಿ ತಂದು, ಬಿಚ್ಚುವ ಮೊದಲೇ ಎಂಟು ಎಂದ. ಆದರೆ ಅಷ್ಟರಲ್ಲಿ ಪರೀಕ್ಷೆಗೆ ಉಳಿದದ್ದು ಮೂರು ವಾರ. ಪೇಟೆಯ ಕೋಚಿಂಗಿನ ಮಕ್ಕಳು ಒಂದು ವರ್ಷದಿಂದ ತೂತು ಎಣಿಸುತ್ತಿದ್ದರು. ಅವನಿಗೆ ಸೀಟು ಸಿಗಲಿಲ್ಲ. ಹಳ್ಳಿ ಎಂಬ ಒಂದೇ ಕಾಲಂನಲ್ಲಿ ಅವನೂ ಇದ್ದ, ಕಾರಿನಲ್ಲಿ ಟ್ಯೂಷನ್‌ಗೆ ಹೋಗುವ ತೋಟದ ಮನೆಯ ಮಗುವೂ ಇತ್ತು.

ಆದ್ದರಿಂದ ನಾಲ್ಕನೇ ತರಗತಿಯ ಬೇಸಿಗೆ ರಜೆಯಲ್ಲೇ ಮಡಚಲು ಕೊಡಿ. ಬಿಚ್ಚುವ ಮುನ್ನ ಇನ್ನೊಂದು ಹಾಳೆಯಲ್ಲಿ ಚುಕ್ಕಿ ಇಡಿಸಿ. ಆಮೇಲೆ ಎರಡನ್ನೂ ಹೋಲಿಸಲಿ. ಕನ್ನಡಿ ಪ್ರಶ್ನೆಗೆ ಗೋಡೆಯ ಕನ್ನಡಿಯೇ ಸಾಕು. ದಿನಕ್ಕೆ ಅರ್ಧ ಗಂಟೆ, ಹೆಚ್ಚು ಬೇಡ.

ಗಣಿತಕ್ಕೆ ಶಾಲೆಯ ಪುಸ್ತಕದ ಜೊತೆ ಲ.ಸಾ.ಅ., ಮ.ಸಾ.ಅ., ಲಾಭ-ನಷ್ಟ ಗಟ್ಟಿ ಮಾಡಿಸಿ. ಭಾಷೆಯಲ್ಲಿ ಗದ್ಯಭಾಗ ಓದಿ ಉತ್ತರಿಸಬೇಕು. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಠಿ ಆಡುವ ನಮ್ಮ ಮಕ್ಕಳಿಗೆ ಅಚ್ಚಿನ ಕನ್ನಡ ಶಾಲೆಯಲ್ಲಿ ಮಾತ್ರ ಸಿಗುವ ವಸ್ತು. ದಿನವೂ ಪತ್ರಿಕೆಯ ಹತ್ತು ಸಾಲು ಗಟ್ಟಿಯಾಗಿ ಓದಿಸಿ, ಮೂರು ಪ್ರಶ್ನೆ ಕೇಳಿ. ನಿಮಗೆ ಕನ್ನಡ ಓದಲು ಬಾರದಿದ್ದರೆ ಓದಿದ್ದನ್ನು ಮನೆಮಾತಿನಲ್ಲಿ ಹೇಳಲು ಹೇಳಿ.

ಎಲ್ಲರೂ ಮರೆಯುವುದು ಪೆನ್ನನ್ನು. ಉತ್ತರದ ಓ.ಎಂ.ಆರ್. ಹಾಳೆಯಲ್ಲಿ, ಅಂದರೆ ಸರಿ ಉತ್ತರದ ವೃತ್ತ ತುಂಬುವ ಹಾಳೆಯಲ್ಲಿ, ಪೆನ್ಸಿಲ್ ಬಳಸುವಂತಿಲ್ಲ, ತಿದ್ದುವಂತಿಲ್ಲ. ರಬ್ಬರ್ ನಂಬಿ ಬೆಳೆದ ಕೈಗೆ ಇದೇ ದೊಡ್ಡ ಹೆದರಿಕೆ. ಓಣಂ ರಜೆಯಿಂದಲೇ ಬಾಲ್ ಪೆನ್ನಿನಲ್ಲಿ ವೃತ್ತ ತುಂಬಿಸಿ ಅಭ್ಯಾಸ ಮಾಡಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು.

ಇಡೀ ಜಿಲ್ಲೆಗೆ ಇರುವುದು ಹೆಚ್ಚೆಂದರೆ 80 ಸೀಟು ಎಂಬುದನ್ನು ಮಗುವಿಗೆ ಮೊದಲೇ ಹೇಳಿ. ಸಿಗದಿದ್ದರೆ, ಜೂನ್‌ನಲ್ಲಿ ಆರನೇ ತರಗತಿಯ ಪುಸ್ತಕಕ್ಕೆ ಬೈಂಡ್ ಹಾಕುವಾಗ ಪೆರಿಯದ ಮಾತು ಎತ್ತಬೇಡಿ.